ಸಿಲ್ಕಿ ಕೋಳಿಯನ್ನು ಪ್ರದರ್ಶನಕ್ಕೆ ಒಯ್ಯುವ ಮೊದಲು ಕಾಲ್ಬೆರಳು ಎಣಿಸಿ

ಅಮೆರಿಕದಲ್ಲಿ ಹಿತ್ತಲಿನ ಗೂಡಿನಲ್ಲಿ ನಾಲ್ಕೈದು ಕೋಳಿ ಸಾಕಿಕೊಂಡಿರುವ ಕನ್ನಡದ ಮನೆಗಳವರು ಇದನ್ನು ಓದಬೇಕು, ಅದರಲ್ಲೂ ಮಕ್ಕಳ ಮುದ್ದಿನ ಕೋಳಿಯನ್ನು ಈ ಸಲ ಪ್ರದರ್ಶನಕ್ಕೆ ಕೊಂಡೊಯ್ಯೋಣ ಎಂದುಕೊಂಡವರು. ಸಿಲ್ಕಿ ಎಂದರೆ ರೇಷ್ಮೆಯಂಥ ಪುಕ್ಕದ, ಒಂದೊಂದು ಕಾಲಿಗೂ ಐದು ಬೆರಳಿರಬೇಕಾದ ಕೋಳಿ ತಳಿ. ಅಂಥ ಒಂದು ಬಿಳಿ ಸಿಲ್ಕಿಗೆ ಆದದ್ದನ್ನು ಮೊದಲು ಹೇಳಿಬಿಡುತ್ತೇವೆ. ಮರಿಯಾಗಿದ್ದಾಗ ಅಂಚೆಯಲ್ಲಿ ಬಂದದ್ದು, ಆರು ತಿಂಗಳು ಮಗುವಿನ ತೊಡೆಯ ಮೇಲೆ ಬೆಳೆದದ್ದು. ಅರ್ಜಿಯಲ್ಲಿ ‘ಬಿಳಿ, ಗಡ್ಡವಿರುವುದು, ಪುಲೆಟ್’ ಎಂದು ಬರೆದಿತ್ತು. ಗಡ್ಡ ಎಂದರೆ ಕೊಕ್ಕಿನ ಕೆಳಗಿನ ಪುಕ್ಕದ ಗೊಂಚಲು, ಪುಲೆಟ್ ಎಂದರೆ ವರ್ಷ ತುಂಬದ ಹೇಂಟೆ. ತೀರ್ಪುಗಾರರು ಪಂಜರದಿಂದ ಎತ್ತಿಕೊಂಡು ಕಾಲಿನ ಪುಕ್ಕ ಸರಿಸಿ ನೋಡಿದರೆ ಬಲಗಾಲಲ್ಲಿ ಐದು ಬೆರಳು, ಎಡಗಾಲಲ್ಲಿ ನಾಲ್ಕೇ. ಕಾರ್ಡಿನ ಮೇಲೆ ಅನರ್ಹ ಎಂದು ಬಿತ್ತು. ಮಧ್ಯಾಹ್ನದ ಹೊತ್ತಿಗೆ ಆ ‘ಪುಲೆಟ್’ ಕತ್ತು ಚಾಚಿ ಕೂಗಿತು, ಅದು ಹುಂಜ. ಸಂಜೆ ಮನೆಗೆ ತಂದು ನೇರ ಗೂಡಿಗೆ ಬಿಟ್ಟರು. ಹತ್ತನೇ ದಿನಕ್ಕೆ ಗೂಡಿನ ಉಳಿದ ಕೋಳಿಗಳ ಕಣ್ಣಂಚಿನಲ್ಲಿ ನೊರೆ, ಮೂಗಿನಲ್ಲಿ ಗೊರಗೊರ.

ಬೆರಳಿನ ಲೆಕ್ಕ ಮನೆಯಲ್ಲೇ ಎರಡು ನಿಮಿಷದ ಕೆಲಸವಾಗಿತ್ತು. ಹುಂಜವೋ ಹೇಂಟೆಯೋ ಎಂಬುದನ್ನು ಇನ್ನೆರಡು ತಿಂಗಳು ಕಾದಿದ್ದರೆ ಕೋಳಿಯೇ ಹೇಳುತ್ತಿತ್ತು. ಕಾಯಿಲೆ ಗೂಡಿಗೆ ಹೊಕ್ಕದ್ದಂತೂ ತಪ್ಪಿಸಬಹುದಾಗಿದ್ದ ನಷ್ಟ.

ಕೋಳಿ ಪ್ರದರ್ಶನದಲ್ಲಿ ಮುದ್ದಿಗೆ ಅಂಕವಿಲ್ಲ. ಪ್ರತಿ ತಳಿಗೂ ಬರೆದಿಟ್ಟ ಒಂದು ಅಳತೆ ಇದೆ. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ತನ್ನ ಮಾನದಂಡದ ಪುಸ್ತಕವನ್ನು ಮೊದಲು ತಂದದ್ದು 1874ರಲ್ಲಿ, ಸಿಲ್ಕಿ ಆಗಿನಿಂದಲೂ ಅದರಲ್ಲಿದೆ. ತೀರ್ಪುಗಾರರು ನಿಮ್ಮ ಕೋಳಿಯನ್ನು ಮೊದಲು ಹೋಲಿಸುವುದು ಆ ಪುಟದ ಜೊತೆಗೆ, ಪಕ್ಕದ ಪಂಜರದ ಕೋಳಿಯ ಮಾತು ಆಮೇಲೆ. ಒಂದು ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಅಮೆರಿಕದಲ್ಲಿ ಸಿಲ್ಕಿಯನ್ನು ಬ್ಯಾಂಟಮ್, ಅಂದರೆ ಗಿಡ್ಡ ಕೋಳಿ, ಎಂದು ಲೆಕ್ಕ ಹಾಕುತ್ತಾರೆ. ಪೂರ್ಣ ಬೆಳೆದ ಹುಂಜ 36 ಔನ್ಸ್, ಹೇಂಟೆ 32 ಔನ್ಸ್, ಅಂದರೆ ಸುಮಾರು ಒಂದು ಕಿಲೋ ಮತ್ತು 900 ಗ್ರಾಂ. ಬ್ರಿಟನ್ನಿನಲ್ಲಿ ಅದೇ ಸಿಲ್ಕಿ ದೊಡ್ಡ ಕೋಳಿಯ ಸಾಲಿನಲ್ಲಿದೆ, ಅಲ್ಲಿ ಹುಂಜದ ತೂಕ 1.8 ಕಿಲೋ. ಅಲ್ಲಿಯ ಅಳತೆ ಓದಿಕೊಂಡು ಇಲ್ಲಿಯ ಕೋಳಿಯನ್ನು ಕೊಬ್ಬಿಸಬೇಡಿ.

ಬೆರಳಿನಿಂದಲೇ ಶುರು ಮಾಡಿ. ಕೋಳಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎರಡೂ ಕಾಲಿನ ಪುಕ್ಕ ಒದ್ದೆ ಮಾಡಿ ಹಿಂದಕ್ಕೆ ಸವರಿ. ಒಣ ಪುಕ್ಕದಲ್ಲಿ ಬೆರಳು ಕಾಣುವುದಿಲ್ಲ, ಮೋಸ ಹೋಗುವುದು ಅಲ್ಲೇ. ಮುಂದೆ ಮೂರು, ಹಿಂದೆ ನೆಲ ಮುಟ್ಟುವ ನಾಲ್ಕನೆಯದು, ಅದರ ಮೇಲೆ ಬೇರೆಯಾಗಿ ಹೊರಟು ಮೇಲಕ್ಕೆ ಬಾಗಿದ ಐದನೆಯದು. ಐದನೆಯದು ನಾಲ್ಕನೆಯದಕ್ಕೆ ಅಂಟಿಕೊಂಡಿದ್ದರೆ ಅದು ದೋಷ. ಒಂದೇ ಕಾಲಿನಲ್ಲಿ ಇಲ್ಲದಿದ್ದರೂ ಕೋಳಿ ಅನರ್ಹ. ಕಾಲಿನ ಹೊರಬದಿಯಲ್ಲಿ ಕೆಳಗಿನವರೆಗೆ ಪುಕ್ಕ ಇರಬೇಕು, ಬೋಳು ಕಾಲಿನ ಸಿಲ್ಕಿಗೆ ಪ್ರದರ್ಶನದಲ್ಲಿ ಜಾಗವಿಲ್ಲ.

ಆಮೇಲೆ ತಲೆ. ಪುಕ್ಕದ ಜುಟ್ಟನ್ನು ಮೇಲೆತ್ತಿ ಅದರ ಬುಡದಲ್ಲಿರುವ ಮಾಂಸದ ಕೋಂಬ್ ನೋಡಿ. ಅದು ಅಕ್ರೋಟಿನ ತಿರುಳಿನ ಹಾಗೆ ಗುಂಡಗೆ, ಉಬ್ಬುತಗ್ಗಾಗಿ, ಕಪ್ಪು ನೇರಳೆ ಬಣ್ಣದಲ್ಲಿರಬೇಕು. ನಮ್ಮೂರ ನಾಟಿ ಹುಂಜಕ್ಕಿರುವಂತೆ ಗರಗಸದ ಹಲ್ಲಿನ ಒಂಟಿ ಕೋಂಬ್ ಇದ್ದರೆ ಅಲ್ಲಿಗೆ ಮುಗಿಯಿತು. ಮುಖ, ಚರ್ಮ, ಕಾಲು ಎಲ್ಲವೂ ನೀಲಿಗಪ್ಪು, ಕಿವಿಹಾಲೆ ತಿಳಿನೀಲಿ. ಕೋಂಬೂ ಮುಖವೂ ಕೆಂಪಗೆ ಹೊಳೆಯುತ್ತಿದ್ದರೆ ಎಷ್ಟು ದೊಡ್ಡ ಜುಟ್ಟಿದ್ದರೂ ಲಾಭವಿಲ್ಲ.

ಇಷ್ಟೊಂದು ಕೋಳಿಗಳು ಈ ಹಂತದಲ್ಲೇ ಏಕೆ ಬೀಳುತ್ತವೆ ಎಂಬುದಕ್ಕೆ ಕಾರಣ ಹುಟ್ಟಿನಲ್ಲೇ ಇದೆ. ರೇಷ್ಮೆಯಂಥ ಪುಕ್ಕದ ಗುಣ ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮೇಲೆ ಕಾಣುತ್ತದೆ. ಐದನೇ ಬೆರಳು, ಕಪ್ಪು ಚರ್ಮ, ಜುಟ್ಟು ಒಬ್ಬರಿಂದ ಬಂದರೂ ಹೆಚ್ಚುಕಡಿಮೆ ಕಾಣಿಸಿಕೊಳ್ಳುತ್ತವೆ. ಯಾವುದೋ ಕಾಲದಲ್ಲಿ ಸಾಮಾನ್ಯ ಕೋಳಿಯ ಜೊತೆ ಸಿಲ್ಕಿಯನ್ನು ಕೂಡಿಸಿ, ಮೊಮ್ಮಕ್ಕಳ ಪೀಳಿಗೆಯಲ್ಲಿ ರೇಷ್ಮೆ ಪುಕ್ಕದವನ್ನು ಮಾತ್ರ ಆರಿಸಿಕೊಂಡರೆ, ಪುಕ್ಕವೇನೋ ಸಿಲ್ಕಿಯದೇ, ಆದರೆ ನಾಲ್ಕು ಬೆರಳು, ಒಂಟಿ ಕೋಂಬ್, ತೆಳು ಜುಟ್ಟು ಜೊತೆಯಲ್ಲೇ ಬರಬಹುದು. ಸಾವಿರಗಟ್ಟಲೆ ಮರಿ ಮಾಡಿ ಮಾರುವ ಕಡೆ ಒಂದೊಂದು ಮರಿಯ ಬೆರಳನ್ನು ಯಾರೂ ಎಣಿಸಿ ಕಳಿಸುವುದಿಲ್ಲ. ‘ಶುದ್ಧ ತಳಿ’ ಎಂದು ರಸೀದಿಯಲ್ಲಿ ಬರೆದುಕೊಟ್ಟ ಮಾತ್ರಕ್ಕೆ ಅದು ಪ್ರದರ್ಶನದ ಕೋಳಿ ಆಗುವುದಿಲ್ಲ.

ಊರಿನಲ್ಲಿ ಸಿಲ್ಕಿ ಕೊಳ್ಳುವವರಿಗೂ ಇಲ್ಲೇ ಒಂದು ಮಾತು. ಚರ್ಮ ಕಪ್ಪಗಿದೆ ಎಂದು ತೋರಿಸಿ ಮಾರಿದರೆ ನಂಬಬೇಡಿ. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಕೋಳಿಗೂ ಚರ್ಮ, ಮಾಂಸ, ಮೂಳೆ ಕಪ್ಪೇ, ಆದರೆ ಅದಕ್ಕೆ ಒಂಟಿ ಕೋಂಬ್, ನಾಲ್ಕೇ ಬೆರಳು. ಎರಡನ್ನೂ ಬೆರೆಸಿದ ಕೋಳಿ ಚರ್ಮದ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ.

ಇನ್ನು ಎಲ್ಲ ತಳಿಗೂ ಅನ್ವಯಿಸುವ ದೋಷಗಳು. ಕೊಕ್ಕಿನ ಮೇಲಿನದೂ ಕೆಳಗಿನದೂ ಕತ್ತರಿಯಂತೆ ಅಡ್ಡಾದಿಡ್ಡಿ ಇದ್ದರೆ ಅನರ್ಹ. ಹಿಂದಿನಿಂದ ನೋಡಿದಾಗ ಬಾಲ ಯಾವಾಗಲೂ ಒಂದೇ ಬದಿಗೆ ವಾಲಿದ್ದರೆ ಅದೂ ಅಷ್ಟೆ. ಬೆನ್ನಿನ ಮೇಲೆ ಅಂಗೈ ಆಡಿಸಿ ಗೂನು ಇದೆಯೇ ನೋಡಿ, ಸಿಲ್ಕಿಯಲ್ಲಿ ಇದು ಕಣ್ಣಿಗೆ ಕಾಣದು, ಕೈಗೇ ಸಿಗಬೇಕು. ರೆಕ್ಕೆಯನ್ನು ಬೀಸಣಿಗೆಯಂತೆ ಬಿಚ್ಚಿ. ಹೊರಗಿನ ಹತ್ತು ದೊಡ್ಡ ಗರಿಗಳಿಗೂ ಒಳಸಾಲಿಗೂ ನಡುವೆ ಒಂದು ಗಿಡ್ಡ ಗರಿ ಇರುತ್ತದೆ. ಅದು ಇಲ್ಲದೆ ಅಲ್ಲಿ ಶಾಶ್ವತವಾದ ಸಂದು ಬಿದ್ದಿದ್ದರೆ ಅದನ್ನು ಸೀಳು ರೆಕ್ಕೆ ಎನ್ನುತ್ತಾರೆ, ಕೋಳಿ ಅನರ್ಹ. ಪುಕ್ಕ ಉದುರಿಸುವ ಕಾಲದಲ್ಲಿ ನೋಡಿದರೆ ಸಂದು ತಾತ್ಕಾಲಿಕವೂ ಆಗಿರಬಹುದು. ಹೊಸ ಗರಿ ಪೂರ್ತಿ ಬಂದ ಮೇಲೆ ಇನ್ನೊಮ್ಮೆ ನೋಡಿ ತೀರ್ಮಾನಿಸಿ.

ಹುಂಜವೋ ಹೇಂಟೆಯೋ ಎಂಬುದು ಸಿಲ್ಕಿಯ ಮಟ್ಟಿಗೆ ನಿಜವಾಗಿಯೂ ಕಷ್ಟದ ಪ್ರಶ್ನೆ. ಅನುಭವಸ್ಥರೂ ಐದಾರು ತಿಂಗಳವರೆಗೆ ಖಚಿತವಾಗಿ ಹೇಳಲಾರರು. ಹೇಂಟೆಯ ಜುಟ್ಟು ಚೆಂಡಿನಂತೆ ಗುಂಡಗೆ ಕೂರುತ್ತದೆ, ಹುಂಜದ ಜುಟ್ಟಿನಿಂದ ಉದ್ದನೆಯ ಎಳೆಗಳು ಹಿಂದಕ್ಕೆ ಚಾಚುತ್ತವೆ. ಹುಂಜದ ಕೋಂಬ್ ಬೇಗ ಅಗಲವಾಗಿ ದಪ್ಪಗಾಗುತ್ತದೆ. ಅರ್ಜಿಯಲ್ಲಿ ನಾಲ್ಕು ಗುಂಪುಗಳಿರುತ್ತವೆ: ವರ್ಷ ದಾಟಿದ ಹುಂಜ, ವರ್ಷ ದಾಟಿದ ಹೇಂಟೆ, ವರ್ಷದೊಳಗಿನ ಹುಂಜ, ವರ್ಷದೊಳಗಿನ ಹೇಂಟೆ. ಅರ್ಜಿಯ ಕೊನೆಯ ದಿನ ಪ್ರದರ್ಶನಕ್ಕಿಂತ ವಾರಗಟ್ಟಲೆ ಮೊದಲೇ ಇರುತ್ತದೆ. ಮೊಟ್ಟೆ ಇಡದ, ಕೂಗೂ ಹಾಕದ ಕೋಳಿಯನ್ನು ಊಹೆಯ ಮೇಲೆ ಸೇರಿಸುವುದಕ್ಕಿಂತ ಮುಂದಿನ ಪ್ರದರ್ಶನಕ್ಕೆ ಕಾಯುವುದು ಒಳ್ಳೆಯದು.

ಇಲ್ಲಿಯವರೆಗೆ ಪಾರಾದ ಕೋಳಿಗೆ ಮಾತ್ರ ಪುಕ್ಕದ ಯೋಚನೆ ಮಾಡಿ. ಬೇಸಿಗೆಯ ಕೊನೆಗೆ ಪುಕ್ಕ ಉದುರಲು ಶುರುವಾದರೆ ಮತ್ತೆ ತುಂಬಿಕೊಳ್ಳಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಆ ನಡುವೆ ಎಂಥ ಒಳ್ಳೆಯ ಕೋಳಿಯೂ ಹರಕು ಚಾಪೆಯಂತೆ ಕಾಣುತ್ತದೆ. ಬಿಳಿ ಕೋಳಿ ಬಿಸಿಲಲ್ಲೇ ಇದ್ದರೆ ಬೆನ್ನು ಹಿತ್ತಾಳೆ ಬಣ್ಣಕ್ಕೆ ತಿರುಗುತ್ತದೆ, ಹಳದಿ ಮೆಕ್ಕೆಜೋಳ ಹೆಚ್ಚಾದರೂ ಪುಕ್ಕಕ್ಕೆ ಕೆನೆಬಣ್ಣ ಏರುತ್ತದೆ. ನೆರಳಿನಲ್ಲಿಟ್ಟು ಜೋಳ ಕಡಿಮೆ ಮಾಡಿ. ನೀರಿನ ಬಟ್ಟಲು ತೆಗೆದು ಕುಕ್ಕಿದರೆ ಹನಿಯುವ ನಿಪ್ಪಲ್ ಹಾಕಿ, ಗಡ್ಡ ನೆನೆದು ಕೊಳೆಯುವುದು ನಿಲ್ಲುತ್ತದೆ.

ಸ್ನಾನ ಎರಡು ಮೂರು ದಿನ ಮೊದಲು. ಮೂರು ತೊಟ್ಟಿ, ನೀರು ಮೊಣಕೈಗೆ ಬೆಚ್ಚಗೆ, ಸುಮಾರು 35 ಡಿಗ್ರಿ. ಮೊದಲನೆಯದರಲ್ಲಿ ಪಾತ್ರೆ ತೊಳೆಯುವ ಸೋಪಿನ ದ್ರವ ಸ್ವಲ್ಪ, ಎರಡನೆಯದರಲ್ಲಿ ಸೋಪು ಬಿಡಿಸಲು ಒಂದಿಷ್ಟು ಬಿಳಿ ವಿನೆಗರ್, ಮೂರನೆಯದರಲ್ಲಿ ಬರೀ ನೀರು. ತಲೆ ಮುಳುಗಿಸಬೇಡಿ. ಸಿಲ್ಕಿಯ ಗರಿಯ ಎಳೆಗಳಿಗೆ ಒಂದಕ್ಕೊಂದು ಹಿಡಿದುಕೊಳ್ಳುವ ಸಣ್ಣ ಕೊಕ್ಕೆಗಳಿಲ್ಲ, ಹಾಗಾಗಿ ನೀರು ನೇರ ಚರ್ಮಕ್ಕೆ ಇಳಿಯುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಒದ್ದೆಯೇ. ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು ಬುಡದವರೆಗೆ ಒಣಗಿಸಿ, ಗಂಟೆ ಹಿಡಿದರೂ ಸರಿ. ಒದ್ದೆ ಸಿಲ್ಕಿಯನ್ನು ರಾತ್ರಿ ಚಳಿಯಲ್ಲಿ ಬಿಟ್ಟರೆ ಬೆಳಿಗ್ಗೆ ಸತ್ತಿರಬಹುದು. ಒಣಗಿಸುವಾಗಲೇ ಮಲದ್ವಾರದ ಸುತ್ತ, ರೆಕ್ಕೆಯ ಕೆಳಗೆ, ಜುಟ್ಟಿನ ಬುಡದಲ್ಲಿ ಹೇನು ನೋಡಿ. ಹೇನು ಬಿದ್ದ ಕೋಳಿಯನ್ನು ಬಾಗಿಲಲ್ಲೇ ತಿರುಗಿ ಕಳಿಸುತ್ತಾರೆ, ಅದು ನ್ಯಾಯವೂ ಹೌದು.

ಉಗುರು, ಕೊಕ್ಕಿನ ತುದಿ ಒಪ್ಪ ಮಾಡಬಹುದು. ಬಣ್ಣ ಹಚ್ಚುವುದು, ಬೇರೆ ಬಣ್ಣದ ಗರಿ ಕಿತ್ತು ದೋಷ ಮುಚ್ಚುವುದು, ಹೆಚ್ಚಿನ ಬೆರಳು ಕತ್ತರಿಸುವುದು ವಂಚನೆ. ಸಿಕ್ಕಿಬಿದ್ದರೆ ಅನರ್ಹತೆ ಖಚಿತ, ಕೋಳಿಗೆ ನೋವು ಬೇರೆ. ಯಾರು ಸಲಹೆ ಕೊಟ್ಟರೂ ಕೇಳಬೇಡಿ.

ಇಷ್ಟೆಲ್ಲ ನೋಡಿದ ಮೇಲೆ ನಿಮ್ಮ ಕೋಳಿಗೆ ನಾಲ್ಕೇ ಬೆರಳು ಎಂದು ಗೊತ್ತಾದರೆ ಮಗುವಿಗೆ ಮನೆಯಲ್ಲೇ ಹೇಳಿ, ಪಂಜರದ ಮುಂದೆ ಕಾರ್ಡು ಓದಿ ತಿಳಿಯುವುದು ಬೇಡ. ಮಕ್ಕಳ ವಿಭಾಗದಲ್ಲಿ ಕೋಳಿಯನ್ನು ಹಿಡಿಯುವ, ರೆಕ್ಕೆ ಬಿಚ್ಚಿ ತೋರಿಸುವ, ಕೇಳಿದ್ದಕ್ಕೆ ಉತ್ತರಿಸುವ ಸ್ಪರ್ಧೆ ಬೇರೆ ಇರುತ್ತದೆ. ಅಲ್ಲಿ ತೂಗುವುದು ಮಗುವಿನ ಕೈಯನ್ನೂ ತಿಳಿವಳಿಕೆಯನ್ನೂ. ಸಾಧು ಸ್ವಭಾವದ ಸಿಲ್ಕಿ ಅದಕ್ಕೆ ಹೇಳಿ ಮಾಡಿಸಿದ್ದು. ನಿಯಮ ಒಪ್ಪುತ್ತದೆಯೇ ಎಂದು ಸಂಘಟಕರನ್ನು ಮೊದಲೇ ಕೇಳಿಕೊಳ್ಳಿ.

ಹೋಗುವುದೇ ಆದರೆ ಆರೋಗ್ಯದ ಕಾಗದ ಸಿದ್ಧವಿರಲಿ. ಅಮೆರಿಕದ ಹೆಚ್ಚಿನ ಪ್ರದರ್ಶನಗಳಲ್ಲಿ ಪುಲ್ಲೋರಮ್ ಟೈಫಾಯ್ಡ್ ಎಂಬ ಕೋಳಿಗಳ ಅಂಟುರೋಗ ಇಲ್ಲವೆಂಬ ಪ್ರಮಾಣ ಕೇಳುತ್ತಾರೆ. 2022ರಿಂದ ಹಕ್ಕಿಜ್ವರದ ಕಾರಣಕ್ಕೆ ಹಲವು ರಾಜ್ಯಗಳಲ್ಲಿ ಪ್ರದರ್ಶನಗಳು ಆಗಾಗ ರದ್ದಾಗಿವೆ, ಆದ್ದರಿಂದ ಹೊರಡುವ ವಾರ ರಾಜ್ಯದ ಆದೇಶ ನೋಡಿ. ಸಿಲ್ಕಿಗಳು ಮ್ಯಾರೆಕ್ಸ್ ಎಂಬ ವೈರಸ್ ರೋಗಕ್ಕೆ ಬೇಗ ಬಲಿಯಾಗುವ ತಳಿ. ಅದರ ಲಸಿಕೆ ಸಾಮಾನ್ಯವಾಗಿ ಮರಿ ಮೊಟ್ಟೆಯೊಡೆದು ಬಂದ ಮೊದಲ ದಿನ ಹಾಕುವಂಥದ್ದು, ಪ್ರದರ್ಶನದ ಹಿಂದಿನ ವಾರ ಓಡಾಡಿ ಪ್ರಯೋಜನವಿಲ್ಲ. ಮರಿ ಕೊಳ್ಳುವಾಗಲೇ ಹಾಕಿದ್ದಾರೆಯೇ ಎಂದು ಕೇಳಿ.

ವಾಪಸ್ಸು ತಂದ ಕೋಳಿಯನ್ನು ಕನಿಷ್ಠ ಎರಡು ವಾರ, ಸಾಧ್ಯವಾದರೆ ನಾಲ್ಕು ವಾರ ಬೇರೆ ಇಡಿ. ಒಂದೇ ಗೂಡಿನ ನಡುವೆ ಬಲೆ ಕಟ್ಟಿದರೆ ಅದು ಬೇರೆ ಇಟ್ಟಂತಲ್ಲ, ಗಾಳಿಯೂ ನೀರೂ ಬೇರೆಯಾಗಬೇಕು. ಕಣ್ಣಿನ ನೊರೆ, ಮೂಗಿನ ಗೊರಗೊರ ತರುವ ಮೈಕೋಪ್ಲಾಸ್ಮಾ ಎಂಬ ರೋಗಾಣು ಒಮ್ಮೆ ಹೊಕ್ಕರೆ ಔಷಧಿಯಿಂದ ಲಕ್ಷಣ ತಗ್ಗುತ್ತದೆಯೇ ಹೊರತು ಕೋಳಿ ಜೀವನಪೂರ್ತಿ ಅದನ್ನು ಹೊತ್ತು ತಿರುಗುತ್ತದೆ, ಮೊಟ್ಟೆಯ ಮೂಲಕ ಮರಿಗೂ ದಾಟಿಸುತ್ತದೆ. ದಿನಾ ಮೊದಲು ಮನೆಯಲ್ಲೇ ಉಳಿದಿದ್ದ ಕೋಳಿಗಳಿಗೆ ಮೇವು ನೀರು ಕೊಟ್ಟು, ಕೊನೆಯಲ್ಲಿ ಪ್ರದರ್ಶನದಿಂದ ಬಂದದ್ದರ ಹತ್ತಿರ ಹೋಗಿ. ಅಲ್ಲಿಗೆ ಹಾಕಿಕೊಂಡ ಚಪ್ಪಲಿಯನ್ನು ಅಲ್ಲೇ ಬಿಟ್ಟು ಬನ್ನಿ.