‘ಎಲ್ಲ ಮನೆಯವರ ಹಾಗೆ’ ಎನ್ನುವ ಗೇಮ್ ಕಂಪನಿಗೆ ಮಾರ್ಕ್ಸ್ ಕಾರ್ಡ್ ಕೊಡುವ ಮುಂಚೆ ಇದನ್ನು ಓದಿ

ದಾವಣಗೆರೆಯಲ್ಲೇ ಇದ್ದುಕೊಂಡು ಗೇಮ್ ಮಾಡುವ ಕೆಲಸ ಹುಡುಕುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಕಂಪನಿ ಹೆಸರು ಹಾಕುವುದಿಲ್ಲ. ನಾನು ಸಹಿ ಮಾಡಿ ಕೊಟ್ಟ ಖಾಲಿ ಚೆಕ್ ಇನ್ನೂ ಅವರ ಹತ್ತಿರವೇ ಇದೆ.

ನಾನು ತ್ರೀಡಿ ಆರ್ಟಿಸ್ಟ್. ಗೇಮ್‌ನಲ್ಲಿ ಹೀರೋ ಓಡುವಾಗ ಅಕ್ಕಪಕ್ಕ ಬಿದ್ದಿರುತ್ತವಲ್ಲ, ಡ್ರಮ್ಮು, ಮರದ ಪೆಟ್ಟಿಗೆ, ಮುರಿದ ಚಕ್ರ, ಅವನ್ನೆಲ್ಲ ಮಾಡುವವನು. ಆಫೀಸು ವಿದ್ಯಾನಗರದ ಕಡೆ, ಅಂಗಡಿಯೊಂದರ ಮೇಲಿನ ಮಹಡಿ. ಇಪ್ಪತ್ತೈದು ಜನ ಇದ್ದೆವು. ನಮ್ಮದೇ ಗೇಮ್ ಮಾಡುತ್ತೇವೆ ಎಂದು ಇಂಟರ್‌ವ್ಯೂನಲ್ಲಿ ಹೇಳಿದ್ದರು. ಸೇರಿದ ಮೇಲೆ ನೋಡಿದರೆ ಹೊರದೇಶದ ಸ್ಟುಡಿಯೋಗಳಿಗೆ ಸಾಮಾನು ಮಾಡಿಕೊಡುವ ಗುತ್ತಿಗೆ ಕೆಲಸ. ಆ ಕೆಲಸದಲ್ಲಿ ತಪ್ಪೇನಿಲ್ಲ, ಕೈ ಪಳಗುತ್ತದೆ. ಆದರೆ ಮೊದಲ ದಿನವೇ ಸುಳ್ಳು ಹೇಳಿದ್ದರು ಅನ್ನುವುದನ್ನು ನಾನು ಗಮನಿಸಬೇಕಿತ್ತು.

ಅವತ್ತು ಓನರ್ರೇ ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಿದರು. "ಇಲ್ಲಿ ಬಾಸು ಗೀಸು ಏನಿಲ್ಲಪ್ಪ, ಎಲ್ಲ ಮನೆಯವರ ಹಾಗೆ" ಅಂದರು. ಸಂಜೆ, ಎರಡು ವರ್ಷ ಕೆಲಸ ಬಿಡುವ ಹಾಗಿಲ್ಲ ಎನ್ನುವ ಬಾಂಡ್ ಬಂತು. ಜೊತೆಗೆ ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಒಂದು ಖಾಲಿ ಚೆಕ್ ಕೇಳಿದರು. ಮನೆಯಲ್ಲಿ ಅಪ್ಪಾಜಿ ಕೇಳಿದ್ದು ಒಂದೇ ಮಾತು. "ಮನೆಯವರು ಅಂದಮೇಲೆ ಚೆಕ್ ಯಾಕಲೇ?" ನನಗೆ ಸಿಟ್ಟು ಬಂದಿತ್ತು.

ಕ್ಲೈಂಟ್ ಇದ್ದದ್ದು ಕ್ಯಾಲಿಫೋರ್ನಿಯಾದಲ್ಲಿ. ಅವರ ಶುಕ್ರವಾರ ಸಂಜೆ 6 ಗಂಟೆ ಅಂದರೆ ಬೇಸಿಗೆಯಲ್ಲಿ ನಮಗೆ ಶನಿವಾರ ಬೆಳಗಿನ 6:30. ಹಾಗಾಗಿ ಮೈಲ್‌ಸ್ಟೋನ್, ಅಂದರೆ ಕೆಲಸ ಒಪ್ಪಿಸುವ ಗಡುವು, ಇರುವ ವಾರ ಶುಕ್ರವಾರ ರಾತ್ರಿ ಮನೆಗೆ ಹೋಗುವ ಮಾತೇ ಇಲ್ಲ. ಮೊದಲು ತಿಂಗಳಿಗೊಂದು ಮೈಲ್‌ಸ್ಟೋನ್ ಇತ್ತು. ಆಮೇಲೆ ಪ್ರತಿ ವಾರವೂ ಮೈಲ್‌ಸ್ಟೋನೇ. ಓಟಿ ಕೇಳಿದರೆ ಮಂಡಕ್ಕಿ ಮಿರ್ಚಿ ಬರುತ್ತಿತ್ತು. ಅಜ್ಜ ಇಲ್ಲಿನ ಬಟ್ಟೆ ಮಿಲ್‌ನಲ್ಲಿ ದುಡಿದವರು. ಬೆಳಗ್ಗೆ ಕಣ್ಣು ಕೆಂಪು ಮಾಡಿಕೊಂಡು ಬಂದ ನನ್ನನ್ನು ನೋಡಿ, "ನಿಮ್ಮ ಆಫೀಸಿನಾಗೆ ಸೈರನ್ ಹೊಡೆಯಲ್ಲೇನು?" ಅಂದರು. ಅವರಿಗೆ ಸೈರನ್ ಕೂಗಿದರೆ ಶಿಫ್ಟ್ ಮುಗೀತು, ಅಷ್ಟೇ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೂ ಲೆಕ್ಕ ಇದೆ. ದಿನಕ್ಕೆ 9 ಗಂಟೆ, ವಾರಕ್ಕೆ 48. ದಾಟಿದರೆ ಎರಡು ಪಟ್ಟು ಕೂಲಿ. ಇದು ನನಗೆ ಗೊತ್ತಾಗಿದ್ದು ಕೆಲಸ ಬಿಟ್ಟ ಮೇಲೆ!

ಹೀಗೆ ಗಡುವಿಗಾಗಿ ರಾತ್ರಿ ಹಗಲು ದುಡಿಸುವುದಕ್ಕೆ ಗೇಮ್ ಲೋಕದಲ್ಲಿ ಕ್ರಂಚ್ ಅನ್ನುತ್ತಾರೆ. "ಪ್ಯಾಶನ್ ಇದ್ದವರು ಗಡಿಯಾರ ನೋಡಲ್ಲ" ಅನ್ನುವುದು ನಮ್ಮ ಓನರ್ ಮಾತು. ಗೇಮ್ ಹುಚ್ಚು ಇರುವವರನ್ನೇ ಆರಿಸಿ ಸೇರಿಸಿಕೊಳ್ಳುತ್ತಿದ್ದರು, ಅವರು ಎದುರು ಮಾತಾಡುವುದು ಕಮ್ಮಿ ಅಲ್ವಾ. 2004ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯಲ್ಲಿ ದುಡಿಯುತ್ತಿದ್ದ ಒಬ್ಬರ ಸಂಗಾತಿ, ಅಲ್ಲಿನ ರಾತ್ರಿ ಹಗಲಿನ ದುಡಿಮೆಯ ಬಗ್ಗೆ ಹೆಸರು ಹೇಳದೆ ಬರೆದಿದ್ದರು. ಓಟಿ ಹಣಕ್ಕಾಗಿ ಅಲ್ಲಿನ ಆರ್ಟಿಸ್ಟ್‌ಗಳು ಹಾಕಿದ್ದ ಕೇಸಿನಲ್ಲಿ ಕಂಪನಿ 2005ರಲ್ಲಿ 1 ಕೋಟಿ 56 ಲಕ್ಷ ಡಾಲರ್ ಕೊಡಲು ಒಪ್ಪಿತು. ಅವರೂ ನನ್ನ ಹಾಗೆ ಚಿತ್ರದ ಕೆಲಸದವರೇ. ಒಂದು ರಾತ್ರಿ ರೆಂಡರ್ ಆಗುವುದನ್ನು, ಅಂದರೆ ಕಂಪ್ಯೂಟರ್ ಕೊನೆಯ ಚಿತ್ರ ತಯಾರಿಸುವುದನ್ನು, ಕಾಯುತ್ತಾ ಇದನ್ನು ಓದಿ, ಮತ್ತೆ ಡ್ರಮ್ಮಿಗೆ ತುಕ್ಕು ಬಳಿಯಲು ಕೂತೆ.

ಪಕ್ಕದ ಸೀಟಿನ ಹುಡುಗಿಯ ಬಟ್ಟೆ ಬಗ್ಗೆ ನಮ್ಮ ತಂಡದ ಲೀಡ್ ದಿನಾ ಒಂದು ‘ಜೋಕ್’ ಹೊಡೆಯುತ್ತಿದ್ದ. ಅವಳು ಓನರ್‌ಗೆ ಹೇಳಿದಳು. "ಮನೆ ಮಾತು ಹೊರಗೆ ಹೋಗಬಾರದಮ್ಮ" ಅಂದರಂತೆ. ಹತ್ತು ಜನ ಕೆಲಸಕ್ಕಿದ್ದರೆ ಇಂಥ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು, 2013ರ ಕಾನೂನು. ನಮ್ಮಲ್ಲಿ ಇರಲಿಲ್ಲ. ಅವಳು ಬಿಟ್ಟು ಹೋದಳು. ಆ ಜೋಕುಗಳಿಗೆ ನಾನು ನಗುತ್ತಿರಲಿಲ್ಲ, ಆದರೆ ಸುಮ್ನೆ ಕೂತಿದ್ದೆ. ಅದನ್ನೂ ಇಲ್ಲಿ ಬರೆಯಬೇಕು.

ನಾನು ಎದ್ದಿದ್ದು ಪಿಎಫ್ ನೋಡಿದ ದಿನ. ಪೇ ಸ್ಲಿಪ್‌ನಲ್ಲಿ ಪ್ರತಿ ತಿಂಗಳೂ ಬೇಸಿಕ್‌ನ ಶೇ 12 ಹಿಡಿಯುತ್ತಿದ್ದರು. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆಗೆದರೆ ಹನ್ನೊಂದು ತಿಂಗಳಲ್ಲಿ ಎರಡೇ ತಿಂಗಳ ಹಣ ಬಿದ್ದಿತ್ತು. ನೀವು ಈಗ ಎಲ್ಲೇ ಕೆಲಸದಲ್ಲಿರಿ, ಇವತ್ತೇ ಒಮ್ಮೆ ತೆಗೆದು ನೋಡಿ. ಐದು ನಿಮಿಷದ ಕೆಲಸ.

ರಾಜೀನಾಮೆ ಕೊಟ್ಟೆ. ಬಾಂಡ್ ಮುರಿದಿದ್ದಕ್ಕೆ ಒಂದೂವರೆ ಲಕ್ಷ ಕಟ್ಟಿ ಮಾರ್ಕ್ಸ್ ಕಾರ್ಡ್ ತಗೊಂಡು ಹೋಗು ಅಂದರು. ಬಹುವಚನ ಅವತ್ತೇ ಹೋಯಿತು ನೋಡಿ. ಕಾರ್ಮಿಕ ಇಲಾಖೆಗೆ ಒಂದು ಅರ್ಜಿ, ಪಿಎಫ್ ಕಚೇರಿಗೆ ಇನ್ನೊಂದು ಬರೆದು, ಎರಡರ ಫೋಟೋವನ್ನೂ ಓನರ್ ವಾಟ್ಸ್ಆ್ಯಪ್‌ಗೆ ಹಾಕಿದೆ. ಮೂರನೇ ದಿನ ಮಾರ್ಕ್ಸ್ ಕಾರ್ಡ್ ಕೈಗೆ ಬಂತು, ಜೊತೆಗೆ ಕಾಫಿಯೂ. ಚೆಕ್ ಮಾತ್ರ "ಎಲ್ಲೋ ಕಳೆದುಹೋಗಿದೆಯಪ್ಪ". ಬ್ಯಾಂಕಿನಲ್ಲಿ ಸ್ಟಾಪ್ ಪೇಮೆಂಟ್ ಮಾಡಿಸಿದೆ. ಅದೊಂದೇ ಸಾಲದು, ನಾಳೆ ಚೆಕ್ ಹಾಕಿ ಕೇಸ್ ಮಾಡಬಹುದು ಎಂದು ಪರಿಚಯದ ವಕೀಲರು ಹೇಳಿದರು. ಹಾಗಾಗಿ ನಿಮಗೆ ನಾನು ಯಾವ ಸಾಲವನ್ನೂ ಕೊಡಬೇಕಿಲ್ಲ, ಚೆಕ್ ವಾಪಸ್ ಕೊಡಿ ಎಂದು ಚೆಕ್ ನಂಬರ್ ಸಮೇತ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿದೆ.

ಇನ್ನು ನಾನು ಮಾಡಿದ ಡ್ರಮ್ಮುಗಳು. ಆ ಗೇಮ್ ಹೊರಬಂತು. ಕೊನೆಯಲ್ಲಿ ಹೆಸರುಗಳು ಓಡುವಾಗ ಕಣ್ಣು ಮಿಟುಕಿಸದೆ ನೋಡಿದೆ. ನಮ್ಮ ಒಬ್ಬರ ಹೆಸರೂ ಇಲ್ಲ. ಗುಟ್ಟಿನ ಕರಾರಿಗೆ ಸಹಿ ಹಾಕಿದ್ದರಿಂದ ಪೋರ್ಟ್‌ಫೋಲಿಯೋದಲ್ಲೂ ತೋರಿಸುವ ಹಾಗಿಲ್ಲ. ಹೊಸ ಕೆಲಸ ಕೇಳಲು ಹೋದಾಗ ಹನ್ನೊಂದು ತಿಂಗಳು ಏನು ಮಾಡಿದೆ ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಗೇಮ್‌ನಲ್ಲಿ ನನ್ನ ಹೆಸರು ಬರುತ್ತದಾ, ಮಾಡಿದ ಕೆಲಸವನ್ನು ಪೋರ್ಟ್‌ಫೋಲಿಯೋದಲ್ಲಿ ತೋರಿಸಬಹುದಾ, ಸೇರುವ ಮುಂಚೆ ಈ ಎರಡನ್ನೂ ಕೇಳಿ, ಉತ್ತರವನ್ನು ಮೇಲ್‌ನಲ್ಲಿ ತಗೊಳ್ಳಿ.

ಮೊನ್ನೆ ಆ ಕಡೆ ಹೋಗಿದ್ದೆ. ಅದೇ ಮಹಡಿಗೆ ಬೇರೆ ಹೆಸರಿನ ಬೋರ್ಡ್ ಬಿದ್ದಿದೆ, ಕೆಳಗೆ ‘ಫ್ರೆಷರ್ಸ್ ಬೇಕಾಗಿದ್ದಾರೆ’ ಎಂದು ಬರೆದಿದೆ. ಕೆಳಗಿನ ಅಂಗಡಿಯವರನ್ನು ವಿಚಾರಿಸಿದೆ. "ಬೋರ್ಡ್ ಒಂದೇ ಹೊಸದು ತಮ್ಮಾ," ಅಂದರು.