ಲೋಹಾರ್ ಚಾಲಿನಲ್ಲಿ ‘3000 ಲ್ಯೂಮೆನ್’ ಪುಟ್ಟ ಟಾರ್ಚ್ ತಗೊಳ್ಳೋ ಮುಂಚೆ ಇದನ್ನು ಓದಿ

ಮೂರು ವಾರ ಆಯಿತು, ಇನ್ನೂ ಸಿಟ್ಟು ಇಳಿದಿಲ್ಲ. ಬರೆಯೋದಾ ಬೇಡವಾ ಅಂತ ಯೋಚನೆ ಮಾಡಿ ಮಾಡಿ ಇವತ್ತು ಕೂತಿದ್ದೇನೆ. ಡೊಂಬಿವಲಿ, ಠಾಣೆ, ಕಲ್ಯಾಣದಲ್ಲಿರೋ ನಮ್ಮ ಕನ್ನಡದವರು ತುಂಬಾ ಜನ ವಾರಾಂತ್ಯಕ್ಕೆ ಬೆಟ್ಟ ಹತ್ತೋಕೆ ಹೋಗ್ತಾರೆ. ಹೋಗೋ ಮುಂಚೆ ಟಾರ್ಚ್ ತಗೊಳ್ಳೋಕೆ ಮುಂಬೈಯ ಎಲೆಕ್ಟ್ರಿಕ್ ಸಾಮಾನಿನ ಮಾರುಕಟ್ಟೆ ಲೋಹಾರ್ ಚಾಲ್ ಕಡೆ ಹೋಗ್ತಾರೆ. ಅವರಲ್ಲಿ ಒಬ್ಬರಾದರೂ ಉಳಿದುಕೊಳ್ಳಲಿ.

ನಾನು ಅಲ್ಲಿ 12 ಟಾರ್ಚ್ ತಗೊಂಡೆ. ಅಂಗೈಯಲ್ಲಿ ಮುಚ್ಚಿಹೋಗೋ ಗಾತ್ರದ್ದು, ಮೂತಿಯನ್ನು ಹಿಂದೆ ಮುಂದೆ ಎಳೆದರೆ ಬೆಳಕು ಅಗಲ, ಸಣ್ಣ ಆಗೋ ಝೂಮ್ ಟಾರ್ಚ್. ಒಂದಕ್ಕೆ 450 ರೂಪಾಯಿ, ಒಟ್ಟು 5400. ಡಬ್ಬಿ ಮೇಲೆ 3000 ಲ್ಯೂಮೆನ್ (ಹೊರಗೆ ಬರೋ ಒಟ್ಟು ಬೆಳಕಿನ ಅಳತೆ), ದೂರ 2000 ಮೀಟರ್, ಸೆಲ್ ಮೇಲೆ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ). ಎಲ್ಲಾ ಸುಳ್ಳು. ಮೂರಕ್ಕೆ ಮೂರೂ ಸುಳ್ಳು.

ಆ ದುಡ್ಡು ನನ್ನದಲ್ಲ. ಅದಕ್ಕೇ ಇಷ್ಟು ಉರಿ. ನಾವು 14 ಜನ ಕಳಸೂಬಾಯಿ ಬೆಟ್ಟಕ್ಕೆ ರಾತ್ರಿ ಹತ್ತಿ ಸೂರ್ಯೋದಯ ನೋಡೋದು ಅಂತ ಗೊತ್ತು ಮಾಡಿದ್ದೆವು. ಮಹಾರಾಷ್ಟ್ರದಲ್ಲೇ ಎತ್ತರದ ಶಿಖರ ಅದು, 1646 ಮೀಟರ್. ನಮ್ಮ ಬಾವನ ಹತ್ತಿರ ಒಳ್ಳೆ ಟಾರ್ಚ್ ಇತ್ತು, ಇನ್ನೊಬ್ಬರ ಹತ್ತಿರ ತಲೆಗೆ ಕಟ್ಟೋ ದೀಪ ಇತ್ತು. ಉಳಿದವರಿಗೆ ನಾನೇ ತರ್ತೇನೆ ಅಂತ ಎಲ್ಲರ ಹತ್ತಿರ ದುಡ್ಡು ತಗೊಂಡವನು ನಾನು.

ನಾನೇನು ಕಣ್ಣು ಮುಚ್ಚಿಕೊಂಡು ಹೋಗಿರಲಿಲ್ಲ. ಬಾವನ ಟಾರ್ಚನ್ನೇ ಕಿಸೆಯಲ್ಲಿ ಹಾಕಿಕೊಂಡು ಹೋಗಿದ್ದೆ, ಪಕ್ಕದಲ್ಲಿಟ್ಟು ನೋಡಿ ತಗೊಳ್ಳೋಣ ಅಂತ. ಅದರ ಡಬ್ಬಿ ಮೇಲೆ ಬರೆದಿದ್ದು ಬರೀ 500 ಲ್ಯೂಮೆನ್. ಬೆಲೆ 1800.

ಅಂಗಡಿ ಗೊತ್ತಲ್ಲ, ಆ ಕಡೆ ಎಲ್ಲಾ ಹಾಗೇ, ಒಬ್ಬ ನಿಂತರೆ ಇನ್ನೊಬ್ಬ ಒಳಗೆ ಹೋಗೋ ಹಾಗಿಲ್ಲ. ನಾನು ಫೋನಲ್ಲಿ ಮನೆಯವಳ ಹತ್ತಿರ ಮಾತಾಡ್ತಾ ಇದ್ದೆ. ಗಲ್ಲಾಪೆಟ್ಟಿಗೆ ಹತ್ತಿರ ಕೂತಿದ್ದ ಅಂಗಡಿಯವರು ಕೇಳಿಸಿಕೊಂಡು, “ಓ, ನೀವು ನಮ್ಮ ಕಡೆಯವರಾ? ಕುಂದಾಪ್ರವಾ?” ಅಂದರು. ಅಷ್ಟೇ, ನಾನು ಕರಗಿಹೋದೆ. ಮುಂಬೈಯಲ್ಲಿ ಆ ಗಲಾಟೆ ನಡುವೆ ಊರಿನ ಮಾತು ಕಿವಿಗೆ ಬಿದ್ದರೆ ಯಾರಿಗಾದರೂ ಹಾಗೇ ಆಗುತ್ತೆ. ಚಹಾ ತರಿಸಿದರು. ಯಾವ ಬೀದಿ, ಯಾರ ಮನೆ, ಎಲ್ಲಾ ವಿಚಾರಿಸಿದರು. ಆಮೇಲೆ ಟಾರ್ಚ್ ತೆಗೆದರು.

ನಾನು ಬಾವನ ಟಾರ್ಚ್ ಕೊಟ್ಟು, “ಇದಕ್ಕಿಂತ ಕಡಿಮೆ ಬೆಳಕಿನದ್ದು ಬೇಡ” ಅಂದೆ. ಅವರು ಎರಡೂ ಕೈಯಲ್ಲಿ ಒಂದೊಂದು ಹಿಡಿದರು. ತಮ್ಮ ಟಾರ್ಚಿನ ಮೂತಿ ಪೂರ್ತಿ ಹೊರಗೆ ಎಳೆದರು. ಎದುರಿನ ಗೋಡೆಗೆ ಬಿಟ್ಟರು. ಗೋಡೆ ಎಷ್ಟು ದೂರ? ಹೆಚ್ಚೆಂದರೆ ಆರು ಅಡಿ. ಮೇಲೆ ಎರಡು ಟ್ಯೂಬ್‌ಲೈಟ್ ಉರೀತಾ ಇವೆ.

ಅವರ ಟಾರ್ಚಿಂದ ಗೋಡೆ ಮೇಲೆ ಒಂದು ಚಿಕ್ಕ ಚೌಕ ಬಿತ್ತು. ಬಿಳೀ ಚೌಕ, ಹೆಚ್ಚುಕಡಿಮೆ ಬಿಸ್ಕೆಟಿನಷ್ಟು. ನೋಡೋಕೆ ಆಗದಷ್ಟು ಚುರುಕು. ಬಾವನದ್ದು ಪಕ್ಕದಲ್ಲಿ ಮಂಕಾಗಿ, ಅಗಲವಾಗಿ, ಟ್ಯೂಬ್‌ಲೈಟಿನ ಬೆಳಕಲ್ಲಿ ಬೆರೆತು ಇದೆಯೋ ಇಲ್ಲವೋ ಅನ್ನೋ ಹಾಗೆ ಕಾಣ್ತಾ ಇತ್ತು.

“ಇದಕ್ಕೆ ಎಷ್ಟು ಕೊಟ್ಟದ್ದು ನಿಮ್ಮ ಬಾವ?”

“1800.”

ಅವರು ತಲೆ ಅಲ್ಲಾಡಿಸಿದರು. “ಪಾಪ. ಹೆಸರಿಗೆ ದುಡ್ಡು ಕೊಟ್ಟಿದ್ದಾರೆ. ಅವರಿಗೆ ಯಾರೋ ಟೋಪಿ ಹಾಕಿದ್ದು ಮಾರಾಯ್ರೆ.”

ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ನಾನು ನಂಬಿದೆ. ಕಣ್ಣಾರೆ ನೋಡಿದ್ದೆ ಅಲ್ವಾ? ಮನೆಗೆ ಬಂದು ಬಾವನಿಗೇ ಹೇಳಿದೆ, “ನಿಮಗೆ ಯಾರೋ ಟೋಪಿ ಹಾಕಿದ್ದಾರೆ ಬಾವ” ಅಂತ. ಅವರು ಟಾರ್ಚ್ ವಾಪಸ್ ಇಸಕೊಂಡು, “ಆಯ್ತು, ನೋಡುವ” ಅಂದರು ಅಷ್ಟೇ.

ರಾತ್ರಿ ಲೋಕಲ್ ಹಿಡಿದು ಕಸಾರಾಕ್ಕೆ ಹೋಗಿ, ಅಲ್ಲಿಂದ ಜೀಪಲ್ಲಿ ಬೆಟ್ಟದ ಬುಡದ ಬಾರಿ ಅನ್ನೋ ಹಳ್ಳಿ ಸೇರಿದಾಗ ಎರಡು ಗಂಟೆ. ಜನವರಿ ಚಳಿ. ಎಲ್ಲರೂ ಟಾರ್ಚ್ ಹಚ್ಚಿದರು. ಗದ್ದೆ ದಾಟೋ ಹೊತ್ತಿಗೇ ಗೊತ್ತಾಯಿತು. ಆ ಚೌಕ ನೆಲದ ಮೇಲೆ ಬಿದ್ದರೆ ಚೌಕದ ಒಳಗಷ್ಟೇ ಕಾಣುತ್ತೆ, ಅದರ ಆಚೆ ಗಾಢ ಕತ್ತಲೆ. ಕಲ್ಲು ಕಂಡರೆ ಪಕ್ಕದ ಗುಂಡಿ ಕಾಣಲ್ಲ. ಕಾಲಿಗೆ ಬೆಳಕು ಬಿಟ್ಟರೆ ಮುಂದೆ ಹೋಗ್ತಿರೋರು ಕಾಣಲ್ಲ. ಮೂತಿ ಒಳಗೆ ತಳ್ಳಿ ಅಗಲ ಮಾಡಿದರೆ ಒಂದು ಮಬ್ಬು ವೃತ್ತ, ಹತ್ತು ಹೆಜ್ಜೆ ಆಚೆ ಏನೂ ಇಲ್ಲ. ಬೆಳಕು ಬೇರೆ ನೀಲಿ ನೀಲಿ. ಮಣ್ಣು ಯಾವುದು, ಬಂಡೆ ಯಾವುದು ಅಂತ ಗುರುತು ಹತ್ತಲ್ಲ.

ನಲವತ್ತು ನಿಮಿಷಕ್ಕೆ ಮೊದಲನೇದು ಮಂಕಾಯಿತು. ಆಮೇಲೆ ಸಾಲಾಗಿ. ಹೊರಡೋ ಹಿಂದಿನ ದಿನ ನಾನೇ ಕೂತು 12 ಸೆಲ್ಲನ್ನೂ ಚಾರ್ಜ್ ಮಾಡಿದ್ದೆ.

ಕಳಸೂಬಾಯಿಯಲ್ಲಿ ಕಡಿದಾದ ಬಂಡೆ ಇರೋ ಕಡೆ ಕಬ್ಬಿಣದ ಏಣಿ ಹಾಕಿದ್ದಾರೆ, ಹೋದವರಿಗೆ ಗೊತ್ತು. ಅಲ್ಲಿ ಎರಡೂ ಕೈ ಬೇಕು. ನಮ್ಮ ಕಟ್ಟಡದ ಒಬ್ಬ ಹುಡುಗ, ಹತ್ತನೇ ಕ್ಲಾಸು, ಮೆಟ್ಟಿಲು ಕಾಣದೆ ಕಾಲು ಜಾರಿ ಮೊಣಕಾಲಿನ ಕೆಳಗೆ ಚರ್ಮ ಕಿತ್ತುಕೊಂಡ. ದೇವರ ದಯೆ, ಕೈ ಬಿಡಲಿಲ್ಲ. ಅವನಮ್ಮ ಕೆಳಗೇ ನಿಂತಿದ್ದರು. ನನಗೆ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಬಾವ ಏಣಿಯ ಬುಡದಲ್ಲಿ ನಿಂತು, ತಮ್ಮ ಟಾರ್ಚನ್ನು ಮೇಲಕ್ಕೆ ಹಿಡಿದು, ಒಬ್ಬೊಬ್ಬರನ್ನೇ ಹತ್ತಿಸಿದರು. ಇಡೀ ಏಣಿ, ಎರಡೂ ಪಕ್ಕದ ಸರಳು, ಬಂಡೆ, ಎಲ್ಲಾ ಕಾಣ್ತಾ ಇತ್ತು. ಅಂಗಡಿಯ ಗೋಡೆ ಮೇಲೆ ಮಂಕಾಗಿದ್ದ ಅದೇ ಬೆಳಕು. ನಾಚಿಕೆಯಿಂದ ನನಗೆ ತಲೆ ಎತ್ತೋಕೆ ಆಗಲಿಲ್ಲ. ಪ್ರತಿ ಏಣಿಯಲ್ಲೂ ಹಾಗೇ ನಿಂತರು. ಮೇಲೆ ದೇವಿಯ ಗುಡಿ ಮುಟ್ಟೋ ಹೊತ್ತಿಗೆ ಸೂರ್ಯ ಬಂದಾಗಿತ್ತು.

ಮನೆಗೆ ಬಂದ ಮೇಲೆ ಬಾವನ ಜೊತೆ ಕೂತು ಪರೀಕ್ಷೆ ಮಾಡಿದೆ. ಬಚ್ಚಲುಮನೆ ದೀಪ ಆರಿಸಿ, ಟಾರ್ಚನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಛಾವಣಿಗೆ ಬಿಡೋದು. ಬೆಳಕು ಛಾವಣಿಗೆ ಬಡಿದು ಇಡೀ ಕೋಣೆಗೆ ಹರಡುತ್ತೆ. ಬೆಳಕಿನ ಚುಕ್ಕೆ ಸಣ್ಣದೋ ದೊಡ್ಡದೋ ಅನ್ನೋದು ಅಲ್ಲಿ ಲೆಕ್ಕಕ್ಕೆ ಬರಲ್ಲ, ಒಟ್ಟು ಎಷ್ಟು ಬೆಳಕು ಹೊರಗೆ ಬಂತು ಅನ್ನೋದಷ್ಟೇ ಬರುತ್ತೆ. ಫೋನಲ್ಲಿ ಬೆಳಕು ಅಳೆಯೋ ಆ್ಯಪ್ ಹಾಕಿ, ಫೋನನ್ನು ಒಂದೇ ಜಾಗದಲ್ಲಿಟ್ಟು ನೋಡಿದೆವು. ಬಾವನದ್ದು 62. ನನ್ನದು ಅಗಲ ಮಾಡಿದಾಗ 19, ಝೂಮ್ ಎಳೆದಾಗ 8. ಹೊಸದಾಗಿ ಚಾರ್ಜ್ ಮಾಡಿದ ಸೆಲ್ ಹಾಕಿ ಬಂದ ಲೆಕ್ಕ ಇದು. 500 ಲ್ಯೂಮೆನ್ನಿಗೆ 62 ಆದರೆ 19ಕ್ಕೆ ಎಷ್ಟು? ಸುಮಾರು 150. ಇದರ ಮೇಲೆ 3000 ಅಂತ ಅಚ್ಚು ಹಾಕಿದ್ದಾರೆ!

ಝೂಮ್ ಎಳೆದರೆ ಬೆಳಕು ಇನ್ನೂ ಕಡಿಮೆ ಆಗುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಮಸೂರ ದೀಪದಿಂದ ದೂರ ಹೋದಾಗ ನೇರ ಮುಂದಕ್ಕೆ ಬರೋ ಬೆಳಕನ್ನಷ್ಟೇ ಹಿಡಿಯುತ್ತೆ. ಪಕ್ಕಕ್ಕೆ ಹೋಗೋದು ಕೊಳವೆಯ ಒಳಗೇ ಸಾಯುತ್ತೆ. ಗೋಡೆ ಮೇಲೆ ಬಿದ್ದ ಆ ಚೌಕ ಎಲ್‌ಇಡಿ ಚಿಪ್ಪಿನದೇ ಚಿತ್ರ, ಚಿಪ್ಪು ಚೌಕ ಇರೋದರಿಂದ ಚೌಕ. ಇರೋ ಸ್ವಲ್ಪ ಬೆಳಕನ್ನೇ ಒಂದು ಕಡೆ ಒತ್ತಿ ತೋರಿಸಿದರೆ ಕಣ್ಣಿಗೆ ಜಾಸ್ತಿ ಅನ್ನಿಸುತ್ತೆ. ಒಟ್ಟು ಬೆಳಕಿಗೆ ಲ್ಯೂಮೆನ್, ಒಂದೇ ದಿಕ್ಕಿಗೆ ಎಷ್ಟು ಚುರುಕಾಗಿ ಹೋಗುತ್ತೆ ಅನ್ನೋದಕ್ಕೆ ಕ್ಯಾಂಡೆಲಾ. ಎರಡೂ ಬೇರೆ ಬೇರೆ. ಆ ಮನುಷ್ಯ ನನಗೆ ಒಂದನ್ನು ತೋರಿಸಿ ಇನ್ನೊಂದರ ಹೆಸರಲ್ಲಿ ಮಾರಿದರು. ಬಾವನ ಟಾರ್ಚಿನಲ್ಲಿ ಕನ್ನಡಿಯಂಥ ಬಟ್ಟಲಿದೆ. ನಡುವೆ ಒಂದು ಚುರುಕು ಚುಕ್ಕೆ, ಸುತ್ತ ಅಗಲವಾದ ಮೆತ್ತನೆ ಬೆಳಕು. ಕತ್ತಲಲ್ಲಿ ನಡೆಯೋನಿಗೆ ಆ ಸುತ್ತಲಿನ ಬೆಳಕೇ ಜೀವ.

2000 ಮೀಟರ್ ಕಥೆಯೂ ಕೇಳಿ. ಒಳ್ಳೆ ಕಂಪನಿಗಳು ಅನುಸರಿಸೋ ಎಎನ್‌ಎಸ್‌ಐ ಎಫ್‌ಎಲ್1 ಅನ್ನೋ ಅಳತೆ ಪದ್ಧತಿ 2009ರಿಂದ ಇದೆ. ಅದರ ಪ್ರಕಾರ ಬೆಳಕು ಹುಣ್ಣಿಮೆ ಬೆಳದಿಂಗಳಷ್ಟಕ್ಕೆ, ಅಂದರೆ 0.25 ಲಕ್ಸಿಗೆ ಇಳಿಯೋ ಜಾಗದವರೆಗಿನ ದೂರವನ್ನು ಬರೀತಾರೆ. ಕ್ಯಾಂಡೆಲಾದ ವರ್ಗಮೂಲದ ಎರಡರಷ್ಟು ಮೀಟರ್. ಹಾಗಾದರೆ 2000 ಮೀಟರಿಗೆ 10 ಲಕ್ಷ ಕ್ಯಾಂಡೆಲಾ ಬೇಕು. ಇಷ್ಟು ಪುಟ್ಟ ಪ್ಲಾಸ್ಟಿಕ್ ಮಸೂರದಿಂದ!

ಸೆಲ್ಲು. 18650 ಅನ್ನೋ ಗಾತ್ರದ ಲಿಥಿಯಂ ಸೆಲ್ಲಿನಲ್ಲಿ ಒಳ್ಳೊಳ್ಳೆ ಕಂಪನಿಯದ್ದೂ 3500 ಎಂಎಎಚ್ ಆಸುಪಾಸಿಗೆ ನಿಲ್ಲುತ್ತೆ. ಇವರು 9900 ಅಂತಾರೆ. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಬಾವನ ಸೆಲ್ 47 ಗ್ರಾಂ. ನನ್ನದು 29 ಗ್ರಾಂ. ಅದೇ ಗಾತ್ರ, ಅದೇ ಉದ್ದ. ಕೈಯಲ್ಲಿ ಹಿಡಿದರೇ ತಿಳಿಯುತ್ತೆ, ಪೊಳ್ಳು ಕಡಲೆಕಾಯಿ ಹಿಡಿದ ಹಾಗೆ. ಜೊತೆಗೆ ಕೊಟ್ಟ ಚಾರ್ಜರಿನಲ್ಲಿ ಎರಡು ಸೆಲ್ ಮುಟ್ಟೋಕೆ ಆಗದಷ್ಟು ಬಿಸಿಯಾದವು. ಹೆದರಿ ಕಿತ್ತುಹಾಕಿದೆ. ಲಿಥಿಯಂ ಸೆಲ್ ಹೀಗೆ ಕಾದರೆ ಬೆಂಕಿ ಹೊತ್ತಿಕೊಳ್ಳಬಹುದು, ಇದು ತಮಾಷೆ ವಿಷಯ ಅಲ್ಲ.

ಈಗ ಅಂಗಡಿಯವರ ಉತ್ತರಗಳು.

ವಾಟ್ಸ್ಆ್ಯಪಿನಲ್ಲಿ ಮೊದಲು ಬರೆದಾಗ: “ಮೊದಲ ಸಲ 8 ಗಂಟೆ ಚಾರ್ಜ್ ಮಾಡಬೇಕು, ನೀವು ಮಾಡಿಲ್ಲ.”

ಮಾಡಿದ್ದೇನೆ ಅಂದೆ. “ಬೆಟ್ಟದ ಮೇಲೆ ಚಳಿ. ಚಳಿಗೆ ಬ್ಯಾಟರಿ ಹಾಗೇ.” ಅದೇ ಚಳಿಯಲ್ಲಿ ಬಾವನ ಟಾರ್ಚ್ ಬೆಳಗಿನವರೆಗೆ ಉರಿಯಿತಲ್ಲ ಅಂದೆ. ನೀಲಿ ಗೆರೆ ಬಿತ್ತು, ಉತ್ತರ ಇಲ್ಲ.

ಬಚ್ಚಲುಮನೆಯ ಲೆಕ್ಕ, ತಕ್ಕಡಿಯ ಫೋಟೋ ಎಲ್ಲಾ ಕಳಿಸಿದೆ. ಎರಡು ದಿನ ಬಿಟ್ಟು ಒಂದು ಹೆಬ್ಬೆಟ್ಟಿನ ಚಿತ್ರ ಬಂತು. ಹೆಬ್ಬೆಟ್ಟು!

ಶನಿವಾರ ರಜೆ ಹಾಕಿ ನಾನೇ ಹೋದೆ, 12 ಟಾರ್ಚೂ ಚೀಲದಲ್ಲಿ ಹಾಕಿಕೊಂಡು. ಈ ಸಲ ಚಹಾ ಇಲ್ಲ. ಕನ್ನಡವೂ ಇಲ್ಲ. ನಾನು ಕನ್ನಡದಲ್ಲಿ ಕೇಳ್ತಾ ಇದ್ದರೆ ಅವರು ಹಿಂದಿಯಲ್ಲಿ, ಪಕ್ಕದ ಗಿರಾಕಿಗೆಲ್ಲ ಕೇಳಿಸೋ ಹಾಗೆ, “ಬಿಕಾ ಹುವಾ ಮಾಲ್ ವಾಪಸ್ ನಹೀ ಹೋತಾ, ಭಾಯಿ” (ಮಾರಿದ ಮಾಲು ವಾಪಸ್ ಆಗಲ್ಲ) ಅಂದರು. ಭಾಯಿ ಅಂತೆ. ಹಿಂದಿನ ಸಲ ಮಾರಾಯ್ರೆ ಆಗಿದ್ದೆ.

ಡಬ್ಬಿ ಮೇಲೆ 3000 ಅಂತ ಇದೆಯಲ್ಲ ಅಂದರೆ, “ಅದು ಕಂಪನಿಯವರು ಬರೆದದ್ದು, ನಾನು ಬರೆದದ್ದಾ?” ಯಾವ ಕಂಪನಿ? ಡಬ್ಬಿ ಮೇಲೆ ಹೆಸರಿಲ್ಲ, ವಿಳಾಸ ಇಲ್ಲ, ತರಿಸಿದವರ ಹೆಸರಿಲ್ಲ, ಎಂಆರ್‌ಪಿ ಕೂಡ ಇಲ್ಲ. ಇದನ್ನು ನಾನು ತಗೊಳ್ಳೋವಾಗಲೇ ನೋಡಬೇಕಿತ್ತು.

ನಾನು ಬಿಡಲಿಲ್ಲ. ಹುಡುಗನ ಕಾಲಿನ ಫೋಟೋ ತೋರಿಸಿದೆ. ಆಗ ತಗ್ಗಿದ ದನಿಯಲ್ಲಿ, ಮತ್ತೆ ಕನ್ನಡದಲ್ಲಿ ಹೇಳಿದರು: “450 ರೂಪಾಯಿಗೆ ಇನ್ನೆಂಥದು ಬರ್ತದೆ ಮಾರಾಯ್ರೆ? ಒಳ್ಳೇದು ಬೇಕಿದ್ರೆ 1800 ಕೊಡ್ಬೇಕು.”

ಅದೇ ಬಾಯಿ. 1800 ಕೊಟ್ಟ ಬಾವನಿಗೆ ಟೋಪಿ ಹಾಕಿದ್ದಾರೆ ಅಂದ ಅದೇ ಬಾಯಿ! ನನಗೆ ಮಾತೇ ಹೊರಡಲಿಲ್ಲ. ಅಂದರೆ ಮೊದಲ ದಿನವೇ, ಗೋಡೆಗೆ ಬೆಳಕು ಬಿಟ್ಟಾಗಲೇ, ಯಾವುದು ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಗೋಡೆ, ಆ ಆರು ಅಡಿ, ಆ ಟ್ಯೂಬ್‌ಲೈಟ್, ಎಲ್ಲಾ ಗೊತ್ತಿದ್ದೇ ಮಾಡಿದ್ದು. ಮೋಸ ಹೋಗಿದ್ದಕ್ಕಿಂತ ಇದು ಜಾಸ್ತಿ ಚುಚ್ಚುತ್ತೆ.

ಬಿಲ್ ಕೇಳಿರಲಿಲ್ಲ. ಚೀಟಿ ಮೇಲೆ 450x12 ಅಂತ ಗೀಚಿ ಕೊಟ್ಟಿದ್ದರು. ಊರಿನವರು ಅಂತ ಸುಮ್ನೆ ಕಿಸೆಗೆ ಹಾಕಿಕೊಂಡೆ. ಬಿಲ್ ಕೊಡದೇ ಇರೋದು, ಕೆಟ್ಟ ಮಾಲನ್ನು ವಾಪಸ್ ತಗೊಳ್ಳದೇ ಇರೋದು, ಎರಡೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಪ್ಪು ವ್ಯಾಪಾರ ಅಂತಲೇ ಇದೆ. ಬಿಲ್ಲಿನಲ್ಲಿ ಅವಧಿ ಬರೆದಿಲ್ಲದಿದ್ದರೆ 30 ದಿನದ ಒಳಗೆ ವಾಪಸ್ ತಗೊಳ್ಳಬೇಕು. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಚೀಟಿ ಮತ್ತು ಯುಪಿಐ ರಸೀದಿ ಹಿಡಿದುಕೊಂಡು. ಅದಕ್ಕೇ ಅಂಗಡಿ ಹೆಸರು ಇಲ್ಲಿ ಹಾಕ್ತಿಲ್ಲ.

ನೀವು ಹೋದರೆ ಇಷ್ಟು ಮಾಡಿ. ಗೋಡೆಗೆ ಬೆಳಕು ಬಿಡೋಕೆ ಬಿಡಬೇಡಿ. ಗೊತ್ತಿರೋ ಒಂದು ಟಾರ್ಚ್ ತಗೊಂಡು ಹೋಗಿ, ಎರಡನ್ನೂ ಛಾವಣಿಗೆ ಹಿಡಿಸಿ, ಅಂಗಡಿ ದೀಪ ಆರಿಸಿ ಅಂತ ಕೇಳಿ. ಆರಿಸಲ್ಲ ಅಂದರೆ ಹೊರಗೆ ಬನ್ನಿ. ಹತ್ತು ನಿಮಿಷ ಉರಿಸಿ ನೋಡಿ, ಮೊದಲ ನಿಮಿಷದ ಬೆಳಕು ನಂಬಬೇಡಿ. ಸೆಲ್ ತೆಗೆಸಿ ಕೈಯಲ್ಲಿ ತೂಗಿ. 9900 ಅಂತ ಕಂಡರೆ ಅಲ್ಲೇ ಇಟ್ಟು ಹೊರಡಿ. ಬಿಲ್ ತಗೊಳ್ಳಿ. ಊರಿನವರಾದರೂ ಬಿಲ್ ತಗೊಳ್ಳಿ, ಊರಿನವರು ಅಂದರೆ ಇನ್ನೂ ಗಟ್ಟಿಯಾಗಿ ಕೇಳಿ.

ಎಲ್ಲರ 450 ನಾನು ವಾಪಸ್ ಕೊಟ್ಟೆ. ನಾಲ್ಕು ಜನ ಬೇಡ ಅಂದರು, ಬಲವಂತ ಮಾಡಿ ಕೊಟ್ಟೆ. ಹುಡುಗನ ಮನೆಗೂ ಹೋಗಿ ಬಂದೆ, ಗಾಯ ಒಣಗಿದೆ. ಬಾವನ ಹತ್ತಿರ ಕ್ಷಮೆ ಕೇಳಿದೆ. ಅವರು ಟಾರ್ಚನ್ನು ನನ್ನ ಕೈಗೇ ಕೊಟ್ಟು, “ಮುಂದಿನ ಸಲ ಏಣಿ ಕೆಳಗೆ ನೀನು ನಿಲ್ಲು” ಅಂದರು.

12 ಟಾರ್ಚೂ ಚೀಲದಲ್ಲೇ ಇವೆ. ಸೆಲ್ಲುಗಳನ್ನು ಬೇರೆ ತೆಗೆದು, ತುದಿಗಳಿಗೆ ಟೇಪ್ ಸುತ್ತಿ, ತಗಡಿನ ಡಬ್ಬಿಯಲ್ಲಿ ಹಾಕಿ ಬಾಲ್ಕನಿಯಲ್ಲಿಟ್ಟಿದ್ದೇನೆ. ಯಾರಾದರೂ ಕೇಳಿದರೂ ಕೊಡಲ್ಲ.