499 ರೂಪಾಯಿ ಲಿವರ್, ಚಾರ್ಮಾಡಿ ಇಳಿಜಾರು

ಬೈಕಿಗೆ ಬಣ್ಣದ ಬ್ರೇಕ್, ಕ್ಲಚ್ ಲಿವರ್ ಹಾಕಿಸೋಣ ಅಂತ ಆನ್‌ಲೈನ್‌ನಲ್ಲಿ ಹುಡುಕುತ್ತಿದ್ದೀರಾ? ಹಾಗಾದರೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ. ಆಮೇಲೆ ನಿಮ್ಮಿಷ್ಟ.

ನನ್ನದು 2016ರ 200 ಸಿಸಿ ಬೈಕ್. ಯಾವ ಕಂಪನಿ ಅಂತ ಹೇಳಲ್ಲ, ಯಾಕೆಂದರೆ ತಪ್ಪು ಬೈಕಿನದಲ್ಲ. ಮುಂದೆ ಡಿಸ್ಕ್ ಬ್ರೇಕ್, ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವುದು) ಇಲ್ಲ. 125 ಸಿಸಿ ದಾಟಿದ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಲ್ಲಿ ಅಲ್ವಾ, ಇದು ಅದಕ್ಕೂ ಹಿಂದಿನದು. ಒಂದು ದಿನ ಮನೆ ಮುಂದೆ ಸೈಡ್ ಸ್ಟ್ಯಾಂಡ್ ಪೂರ್ತಿ ಹಾಕದೆ ಇಳಿದೆ, ಬೈಕ್ ಎಡಕ್ಕೆ ಮಗುಚಿತು, ಕ್ಲಚ್ ಲಿವರ್ ಬಿಲ್ಲಿನ ಹಾಗೆ ಬಗ್ಗಿತು. ಬಗ್ಗಿತು ಅಷ್ಟೆ, ಮುರಿಯಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಶೋರೂಮಿನ ಸ್ಪೇರ್ ಪಾರ್ಟ್ಸ್ ಕೌಂಟರ್‌ನಲ್ಲಿ ಕೇಳಿದೆ. ಒರಿಜಿನಲ್ ಕ್ಲಚ್ ಲಿವರ್ 280 ರೂಪಾಯಿ, ಸ್ಟಾಕ್ ಇಲ್ಲ, ಒಂದು ವಾರ ಆಗುತ್ತೆ ಅಂದರು. ಅದೇ ರಾತ್ರಿ ಫೋನ್ ಹಿಡಿದು ಮಲಗಿದವನಿಗೆ ಕಂಡದ್ದು ಕ್ಲಚ್, ಬ್ರೇಕ್ ಎರಡೂ ಸೇರಿ 499. ಕೆಂಪು ಬಣ್ಣ, ಆರು ಹಂತದ ಅಡ್ಜಸ್ಟರ್, ಮೇಲೆ ‘ಸಿಎನ್‌ಸಿ 6061’ ಅಂತ ಬೇರೆ ಬರೆದಿತ್ತು, ಅಂದರೆ ಗಟ್ಟಿ ಅಲ್ಯೂಮಿನಿಯಂ ಅನ್ನು ಮೆಷಿನ್‌ನಲ್ಲಿ ಕಡೆದು ಮಾಡಿದ್ದು ಅಂತ. ನಾಲ್ಕೂವರೆ ಸ್ಟಾರ್. ಎರಡು ದಿನಕ್ಕೆ ಮನೆ ಬಾಗಿಲಿಗೆ ಬಂತು. ನನಗೆ ಬೇಕಾಗಿದ್ದದ್ದು ಕ್ಲಚ್ ಲಿವರ್ ಒಂದೇ. ಆದರೆ ಜೋಡಿ ಬಂದಿದೆ, ಒಂದು ಕಪ್ಪು ಒಂದು ಕೆಂಪು ಇದ್ದರೆ ಚೆನ್ನಾಗಿರಲ್ಲ ಅಂತ, ಎಂಟು ವರ್ಷ ಒಂದು ದಿನವೂ ತಕರಾರು ಮಾಡದ ಒರಿಜಿನಲ್ ಬ್ರೇಕ್ ಲಿವರನ್ನು ನನ್ನ ಕೈಯಾರೆ ಬಿಚ್ಚಿ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟೆ.

ಹಾಕಿದ ಮೇಲೆ ಖುಷಿಯೋ ಖುಷಿ. ಬ್ರೇಕ್ ಮುಟ್ಟಿದರೆ ಸಾಕು ಹಿಡಿಯುತ್ತಿತ್ತು, ಮೊದಲಿನ ಹಾಗೆ ಸ್ವಲ್ಪ ಎಳೆದ ಮೇಲೆ ಅಲ್ಲ. ಇದೇ ಒಳ್ಳೆಯ ಬ್ರೇಕ್ ಅಂತ ನಾನು ತಿಳಿದೆ. ವಾರದೊಳಗೆ ಎದುರು ಮನೆಯವರು, ‘ನಿಮ್ಮ ಬ್ರೇಕ್ ಲೈಟ್ ಒಂದೊಂದು ಸಲ ಆರುವುದೇ ಇಲ್ಲ ನೋಡಿ’ ಅಂದರು. ಸ್ವಿಚ್ ಹಾಳಾಗಿರಬೇಕು ಅಂದುಕೊಂಡೆ. ಆಫೀಸಿನ ಪಾರ್ಕಿಂಗ್‌ನಲ್ಲಿ ಬೈಕ್ ನೂಕುವಾಗ ಯಾಕೋ ಭಾರ ಅನಿಸುತ್ತಿತ್ತು. ಚೈನ್ ಬಿಗಿಯಾಗಿದೆ ಅಂದುಕೊಂಡೆ. ಈ ಎರಡೂ ಒಂದೇ ಕಾಯಿಲೆಯ ಲಕ್ಷಣ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ.

ಮೂರು ವಾರ ಆದ ಮೇಲೆ ನಾನು, ನನ್ನ ಭಾಮೈದ ಧರ್ಮಸ್ಥಳಕ್ಕೆ ಹೊರಟೆವು. ಹಾಸನ, ಬೇಲೂರು, ಮೂಡಿಗೆರೆ ದಾರಿ. ಹೈವೇಯಲ್ಲಿ ಏನೂ ಆಗಲಿಲ್ಲ, ಬ್ರೇಕ್ ಹಿಡಿಯುವ ಕೆಲಸವೇ ಕಮ್ಮಿ, ಗಾಳಿ ಬೇರೆ ಬೀಸುತ್ತಿರುತ್ತೆ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಚಾರ್ಮಾಡಿ ಇಳಿಯಲು ಶುರು ಮಾಡಿದೆವು. ಇಳಿಜಾರು, ತಿರುವು, ಹಿಂದೆ ಒಬ್ಬ ಆಳು, ಬ್ಯಾಗು. ಬ್ರೇಕ್ ಮೇಲೆ ಬೆರಳು ಇದ್ದೇ ಇರುತ್ತೆ. ಸ್ವಲ್ಪ ಹೊತ್ತಿಗೆ, ಇಳಿಜಾರಲ್ಲೂ ಗಾಡಿ ಆಕ್ಸಿಲರೇಟರ್ ಕೇಳುತ್ತಿದೆ ಅನಿಸಿತು. ಲಿವರ್ ಕಲ್ಲಿನ ಹಾಗೆ ಗಟ್ಟಿ. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಲ್ಲಿಸಿ ಕೈ ಮುಗಿದು ವಾಪಸ್ ಬಂದರೆ ಬೈಕ್ ಒಂದಿಂಚು ಕದಲುತ್ತಿಲ್ಲ. ಸುಟ್ಟ ವಾಸನೆ. ಭಾಮೈದ, ‘ಭಾವ, ಡಿಸ್ಕ್ ನೀಲಿ ಬಣ್ಣ ಆಗಿದೆ ನೋಡಿ’ ಅಂದ.

ಅರ್ಧ ಗಂಟೆ ಕೂತೆವು. ಮತ್ತೆ ನೂಕಿದರೆ ಚಕ್ರ ಆರಾಮಾಗಿ ತಿರುಗಿತು. ತಣ್ಣಗಾಯಿತು, ಸರಿಹೋಯಿತು ಅಂತ ಹೊರಟೆ. ನಾನು ಮಾಡಿದ ದೊಡ್ಡ ತಪ್ಪು ಲಿವರ್ ಕೊಂಡದ್ದಕ್ಕಿಂತ ಇದೇ. ಈ ತೊಂದರೆ ತಣ್ಣಗಾದಾಗ ಮಾಯ ಆಗಿಬಿಡುತ್ತೆ, ಅದಕ್ಕೇ ಮೋಸ ಹೋಗುವುದು. ಮೂರೋ ನಾಲ್ಕೋ ತಿರುವು ದಾಟಿರಬೇಕು. ಒಂದು ತಿರುವಿನಲ್ಲಿ ವೇಗ ಕಮ್ಮಿ ಮಾಡಲು ಲಿವರ್ ಮುಟ್ಟಿ ಬಿಟ್ಟೆ, ಬ್ರೇಕ್ ಮಾತ್ರ ಬಿಡಲಿಲ್ಲ. ಮುಂದಿನ ಚಕ್ರ ಲಾಕ್ ಆಗಿ ಜಾರಿತು, ಎಡಕ್ಕೆ ಬಿದ್ದೆವು. ಮೂವತ್ತರ ಒಳಗಿನ ವೇಗ, ಎದುರಿಂದ ಬಸ್ ಬರಲಿಲ್ಲ, ಅಷ್ಟು ಪುಣ್ಯ. ಭಾಮೈದನ ಮೊಣಕೈ ತರಚಿತು, ನನ್ನ ಮಂಡಿ ಊದಿತು. ಹೊಸ ಕ್ಲಚ್ ಲಿವರ್ ಬುಡಕ್ಕೇ ಲಟಕ್ ಅಂತ ಮುರಿದು ಕೇಬಲ್ ನೇತಾಡುತ್ತಿತ್ತು. ಹಳೆಯದು ಬಗ್ಗಿತ್ತು ಅಂದೆನಲ್ಲ? ಬಗ್ಗಿದ್ದರೆ ಕೈಯಲ್ಲಿ ಹೇಗೋ ಎಳೆದುಕೊಂಡು ಊರು ಸೇರಬಹುದು. ಬುಡಕ್ಕೆ ಮುರಿದರೆ ಏನು ಎಳೆಯುವುದು?

ಖಾಲಿ ಪಿಕಪ್ ಒಂದು ನಿಂತಿತು. ಡ್ರೈವರ್ ಇಳಿದು ಬಂದು ಮುರಿದ ತುಂಡು ಎತ್ತಿ ನೋಡಿ, ‘ಇದು ಎಂತ ಲಿವರ್ ಮಾರಾಯ್ರೆ, ಮಕ್ಕಳ ಆಟದ ಸಾಮಾನಿನ ಹಾಗೆ ಉಂಟು’ ಅಂದರು. ಗಾಡಿ ಹತ್ತಿಸಲು ಚಕ್ರ ತಿರುಗಬೇಕಲ್ಲ. ಅವರೇ ಸ್ಪ್ಯಾನರ್ ತಂದು ಚಕ್ರದ ಹತ್ತಿರ ಡಿಸ್ಕ್ ಹಿಡಿಯುವ ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್, ಅಂದರೆ ಬ್ರೇಕ್ ಆಯಿಲ್ ಹೊರಗೆ ಬಿಡುವ ಸಣ್ಣ ತಿರುಪು, ಸ್ವಲ್ಪ ಸಡಿಲ ಮಾಡಿದರು. ಬಿಸಿ ಬ್ರೇಕ್ ಆಯಿಲ್ ಚಿಮ್ಮಿತು, ಚಕ್ರ ಬಿಟ್ಟುಕೊಂಡಿತು. ಉಜಿರೆ ತನಕ ಬಿಟ್ಟು, ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಉಜಿರೆಯ ಮೆಕ್ಯಾನಿಕ್ ಬ್ರೇಕ್ ಲಿವರ್ ಬಿಚ್ಚಿ ಒಳಗಡೆಯ ಒಂದು ಸಣ್ಣ ಗುಬುಟು ತೋರಿಸಿದರು. ನಾನು ಇಷ್ಟು ವರ್ಷ ಲಿವರ್ ಅಂದರೆ ಬರೀ ಹಿಡಿ ಅಂದುಕೊಂಡಿದ್ದೆ. ಅಲ್ಲ. ನಾವು ಎಳೆದಾಗ ಆ ಗುಬುಟು ಹ್ಯಾಂಡಲ್ ಮೇಲಿನ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ತಳ್ಳುತ್ತೆ, ಆಯಿಲ್ ಒತ್ತಡಕ್ಕೆ ಪ್ಯಾಡ್ ಡಿಸ್ಕ್ ಹಿಡಿಯುತ್ತೆ. ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದೆ ಬರಬೇಕು. ಹಿಂದೆ ಬಂದರೆ ಮಾತ್ರ ಸಿಲಿಂಡರ್‌ನಲ್ಲಿರುವ ಸೂಜಿ ಮೊನೆಯಷ್ಟು ತೂತು ತೆರೆದು, ಹೆಚ್ಚಾದ ಆಯಿಲ್ ಮೇಲಿನ ಡಬ್ಬಿಗೆ ವಾಪಸ್ ಹೋಗುತ್ತೆ. ಅದಕ್ಕೇ ಲಿವರ್ ಸುಮ್ನೆ ಇದ್ದಾಗ ಗುಬುಟಿಗೂ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟಿರುತ್ತಾರೆ. ನನ್ನ ಲಿವರ್‌ನ ಗುಬುಟು ಉದ್ದ. ಕೈ ಬಿಟ್ಟರೂ ಪಿಸ್ಟನ್ನನ್ನು ಒತ್ತಿಕೊಂಡೇ ಇತ್ತು, ತೂತು ಮುಚ್ಚಿಕೊಂಡೇ ಇತ್ತು. ಪ್ಯಾಡ್ ಚೂರು ಉಜ್ಜುತ್ತೆ, ಬಿಸಿ ಆಗುತ್ತೆ. ಬಿಸಿ ಆದ ಆಯಿಲ್ ಹಿಗ್ಗುತ್ತೆ, ಹೋಗಲು ದಾರಿ ಇಲ್ಲ, ಪ್ಯಾಡನ್ನೇ ಇನ್ನಷ್ಟು ಒತ್ತುತ್ತೆ, ಇನ್ನೂ ಬಿಸಿ. ಕೊನೆಗೆ ಬ್ರೇಕ್ ಹಿಡಿಯುವವನು ನಾನಲ್ಲ, ಅದೇ. ಬ್ರೇಕ್ ಲೈಟ್ ಆರದೆ ಇದ್ದದ್ದೂ ಲಿವರ್ ತನ್ನ ಜಾಗಕ್ಕೆ ಪೂರ್ತಿ ವಾಪಸ್ ಬರದೆ ಇದ್ದದ್ದಕ್ಕೆ. ‘ಅಲ್ಲಿ ಲಿವರ್ ಬೋಲ್ಟ್ ಬಿಚ್ಚಿದ್ದರೂ ಸಾಕಿತ್ತು, ಪಿಸ್ಟನ್ ಹಿಂದೆ ಬಂದು ಬ್ರೇಕ್ ಬಿಡ್ತಿತ್ತು, ಆಯಿಲ್ ಚೆಲ್ಲುವುದೇ ಬೇಡಿತ್ತು’ ಅಂದರು ಅವರು. ಘಾಟಿಯಲ್ಲಿ ಸಿಕ್ಕಿಹಾಕಿಕೊಂಡವರಿಗೆ ಇದು ಉಪಯೋಗಕ್ಕೆ ಬರಬಹುದು. ನಿಪ್ಪಲ್ ಬಿಚ್ಚಿದರೆ ಮಾತ್ರ ಆಮೇಲೆ ಮುಂದಿನ ಬ್ರೇಕ್ ಇಲ್ಲ ಅಂತಲೇ ತಿಳಿಯಿರಿ, ಓಡಿಸಬೇಡಿ. ಆ ಆಯಿಲ್ ಪೇಂಟ್ ಕೂಡ ತಿನ್ನುತ್ತೆ, ಬಿದ್ದ ಕಡೆ ಬೇಗ ನೀರು ಹಾಕಿ ತೊಳೆಯಿರಿ.

ಬೆಂಗಳೂರಿಗೆ ಬಂದ ಮೇಲೆ ಹಳೆಯದು, ಹೊಸದು ಎರಡೂ ಬ್ರೇಕ್ ಲಿವರ್, ಮುರಿದ ಕ್ಲಚ್ ಲಿವರ್ ಹಿಡಿದುಕೊಂಡು ಪೀಣ್ಯದಲ್ಲಿ ಟೂಲ್ ರೂಮಿನಲ್ಲಿ ಕೆಲಸ ಮಾಡುವ ಗೆಳೆಯನ ಹತ್ತಿರ ಹೋದೆ. ವರ್ನಿಯರ್ ಹಿಡಿದು ಅಳೆದ. ಗುಬುಟು 1.2 ಮಿಲಿಮೀಟರ್ ಜಾಸ್ತಿ. ಅಷ್ಟೇ! ನಮ್ಮ ಕಣ್ಣಿಗೆ ಎರಡೂ ಒಂದೇ ತರ. ಮುರಿದ ಕ್ಲಚ್ ಲಿವರ್‌ನ ಬಾಯಿ ನೋಡಿ ನಕ್ಕ. ಒಳಗೆಲ್ಲ ಬೂದು ಬಣ್ಣದ ಹರಳು ಹರಳು, ನಡುನಡುವೆ ಗಾಳಿ ಗುಳ್ಳೆ. ಇದು ಮೆಷಿನ್‌ನಲ್ಲಿ ಕಡೆದದ್ದಲ್ಲ, ಅಚ್ಚಿಗೆ ಹೊಯ್ದು ಬಣ್ಣ ಬಳಿದದ್ದು ಅಂದ. ಎರಕ ಹೊಯ್ಯುವುದೇ ತಪ್ಪು ಅಂತಲ್ಲ, ಕಂಪನಿಯ ಲಿವರ್‌ಗಳೂ ಎಷ್ಟೋ ಎರಕದ್ದೇ, ಆದರೆ ಒಳಗೆ ಹೀಗೆ ಟೊಳ್ಳು ಇರಬಾರದು. ಬೋಲ್ಟ್ ತೂತು ಕೂಡ ದೊಡ್ಡದು, ಅದಕ್ಕೇ ಲಿವರ್ ಮೇಲೆ ಕೆಳಗೆ ಅಲ್ಲಾಡುತ್ತಿತ್ತು. ಕೇಬಲ್ ತುದಿಯ ಗುಂಡು ಕೂರುವ ಜಾಗದ ಅಂಚು ಬ್ಲೇಡಿನ ಹಾಗೆ ಚೂಪು, ಮೂರು ವಾರಕ್ಕೇ ಕೇಬಲ್‌ನ ಮೂರು ಎಳೆ ಕತ್ತರಿಸಿತ್ತು. ಆವತ್ತು ಬೀಳದಿದ್ದರೂ ಇನ್ನೊಂದು ದಿನ ಸಿಗ್ನಲ್‌ನಲ್ಲಿ ಕ್ಲಚ್ ಕೇಬಲ್ ತುಂಡಾಗುತ್ತಿತ್ತು.

ಡಿಸ್ಕ್, ಪ್ಯಾಡ್, ಕ್ಯಾಲಿಪರ್ ಸೀಲ್, ಆಯಿಲ್, ಇಂಡಿಕೇಟರ್, ಕನ್ನಡಿ, ಕೂಲಿ ಎಲ್ಲ ಸೇರಿ ಐದು ಸಾವಿರ ದಾಟಿತು. ಒರಿಜಿನಲ್ ಕ್ಲಚ್ ಲಿವರ್ ಅದೇ 280, ಈ ಸಲ ಸ್ಟಾಕ್ ಇತ್ತು. ಬ್ರೇಕ್ ಲಿವರ್‌ಗೆ ಒಂದು ರೂಪಾಯಿ ಖರ್ಚಿಲ್ಲ, ಚಪ್ಪಲಿ ಸ್ಟ್ಯಾಂಡಿನ ಮೇಲೆ ಕಾಯುತ್ತಿತ್ತಲ್ಲ.

ಹೊರಗಿನ ಲಿವರ್ ಎಲ್ಲವೂ ಕೆಟ್ಟದ್ದು ಅಂತ ನಾನು ಹೇಳಲ್ಲ. ಒಳ್ಳೆಯ ತಯಾರಕರ ಲಿವರ್ ಇವೆ, ಆದರೆ ಅವು ಒರಿಜಿನಲ್‌ಗಿಂತ ದುಬಾರಿ. ‘200 ಸಿಸಿ ಬೈಕುಗಳಿಗೆಲ್ಲ ಕೂರುತ್ತೆ’ ಅಂತ ಬರೆದದ್ದನ್ನು ಮಾತ್ರ ನಂಬಬೇಡಿ. ಹತ್ತು ಬಗೆಯ ಬೈಕಿಗೆ ಒಂದೇ ಗುಬುಟು ಹೇಗೆ ಸರಿಹೋಗುತ್ತೆ? ಒರಿಜಿನಲ್ ಹೆಸರಿನಲ್ಲೂ ಡೂಪ್ಲಿಕೇಟ್ ಬರುತ್ತೆ, ಹಾಗಾಗಿ ಕವರ್ ಮೇಲಿನ ಪಾರ್ಟ್ ನಂಬರ್ ನೋಡಿ, ಬಿಲ್ ಕೇಳಿ. ಈಗಾಗಲೇ ಹಾಕಿಸಿಕೊಂಡಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಡಬಲ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿಸಿ, ಬ್ರೇಕ್ ಗಟ್ಟಿಯಾಗಿ ಹಿಡಿದು ಬಿಡಿ, ಚಕ್ರ ತಿರುಗಿಸಿ, ಆರಾಮಾಗಿ ತಿರುಗಬೇಕು. ಲಿವರ್ ಎಳೆಯುವಾಗ ಮೊದಲು ಚೂರು ಸಡಿಲ ಇರಬೇಕು, ಮುಟ್ಟಿದ ತಕ್ಷಣ ಹಿಡಿದರೆ ನನ್ನ ಹಾಗೆ ಖುಷಿಪಡಬೇಡಿ. ಕೈ ಬಿಟ್ಟ ಕೂಡಲೇ ಬ್ರೇಕ್ ಲೈಟ್ ಆರಬೇಕು. ಒಂದೈದು ಕಿಲೋಮೀಟರ್ ಓಡಿಸಿ ಬಂದು ಮತ್ತೆ ನೂಕಿ ನೋಡಿ, ಯಾಕೆಂದರೆ ತಣ್ಣಗಿದ್ದಾಗ ಸುಳ್ಳು ಹೇಳುತ್ತೆ. ಡಿಸ್ಕ್ ಮೇಲೆ ಕೈ ಇಡಬೇಡಿ, ಭಾಮೈದ ಇಟ್ಟು ಬೊಬ್ಬೆ ಬರಿಸಿಕೊಂಡ.

ಮಾರಿದವರಿಗೆ ಫೋಟೋ ಸಮೇತ ಬರೆದೆ. ಫಿಟ್ ಮಾಡಿದ ಮೇಲೆ ರಿಟರ್ನ್ ಇಲ್ಲ ಅಂದರು. ಒಂದು ಸ್ಟಾರ್ ಕೊಟ್ಟು ನಡೆದದ್ದೆಲ್ಲ ರಿವ್ಯೂ ಹಾಕಿದೆ. ಒಂದು ತಿಂಗಳಾಯಿತು, ಅದು ಇನ್ನೂ ‘ಪರಿಶೀಲನೆಯಲ್ಲಿದೆ’. ಆ ಕೆಂಪು ಜೋಡಿಗೆ ಈಗಲೂ ನಾಲ್ಕೂವರೆ ಸ್ಟಾರ್, ಬೆಲೆ 449ಕ್ಕೆ ಇಳಿದಿದೆ.